ಒಂದೇ ಕಂಪ್ಯೂಟರು, ಏಳು ಅಕೌಂಟು: ನಮ್ಮನೆಯಲ್ಲಿ ಆಡ್‌ಯೂಸರ್ ಕಮಾಂಡ್ ಹೇಗೆ ನಡೀತು

"ರೂಮ್ ನಂಬರ್?" ಅಂತ ಕಂಪ್ಯೂಟರ್ ಕೇಳಿತು. ನಾನು ಅತ್ತೆ ಕಡೆ ತಿರುಗಿದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳೇ ಅಡಿಕೆ ಮನೆ. ದೇವರ ಕೋಣೆ ಇದೆ, ಬಾಣಂತಿ ಕೋಣೆ ಇದೆ, ಉಪ್ಪಿನಕಾಯಿ ಭರಣಿ ಇಡುವ ಕತ್ತಲೆ ಕೋಣೆ ಇದೆ. ನಂಬರ್ ಮಾತ್ರ ಯಾವ ಕೋಣೆಗೂ ಇಲ್ಲ. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ನಡುಕೋಣೆ ಅಂತ ಬರಿ" ಅಂದರು. ಬರೆದೆ. ಅಸ್ಕಿ ಅಲ್ಲದ, ಅಂದರೆ ಇಂಗ್ಲಿಷ್ ಅಲ್ಲದ, ಅಕ್ಷರ ಇದೆ ಅಂತ ಒಂದು ಸಾಲು ಗೊಣಗಿತು, ಆಮೇಲೆ ಒಪ್ಪಿಕೊಂಡಿತು. "ವರ್ಕ್ ಫೋನ್?" ಅಂತ ಮುಂದಿನ ಪ್ರಶ್ನೆ. "ತೋಟದಲ್ಲಿ ಎಂತ ಫೋನು ಮಾರಾಯ್ತಿ, ಬಿಡು" ಅಂದರು. ಬಿಟ್ಟೆ. ಹೀಗೆ ನಮ್ಮ ಅತ್ತೆಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಲಿನಕ್ಸ್ ಅಕೌಂಟ್ ಆಯಿತು.

ಮಿಕ್ಸಿ, ಗ್ರೈಂಡರ್, ಅಡಿಕೆ ಕೊಯ್ಯೋ ಫೈಬರ್ ದೋಟಿ ಎಲ್ಲದಕ್ಕೂ ಜನ ವಿಮರ್ಶೆ ಬರೆಯುತ್ತಾರೆ. ನಾನು ಇಲ್ಲಿ ಬರೀತಾ ಇರೋದು ಆಡ್‌ಯೂಸರ್ ಅನ್ನೋ ಒಂದು ಕಮಾಂಡಿನ ಬಗ್ಗೆ, ಅಂದರೆ ಹೊಸಬರಿಗೆ ಅಕೌಂಟ್ ಮಾಡಿಕೊಡು ಅಂತ ಕಂಪ್ಯೂಟರಿಗೆ ಹೊಡೆದು ಹೇಳೋ ಆಜ್ಞೆ. ದುಡ್ಡು ಕೊಟ್ಟು ತಂದಿದ್ದಲ್ಲ, ಡೆಬಿಯನ್ ಅನ್ನೋ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳೋ ಸಿಸ್ಟಮ್) ಜೊತೆ ಬಂದಿದ್ದು. ಆದರೆ ಮೂರು ವರ್ಷ ಬಳಸಿದ್ದೇನೆ, ಅದರಿಂದ ಉಪಕಾರವೂ ಆಗಿದೆ, ಒಂದು ಶನಿವಾರ ಪೂರ್ತಿ ಕಣ್ಣಲ್ಲಿ ನೀರೂ ಬಂದಿದೆ. ಬರೆಯೋಕೆ ಅಷ್ಟು ಸಾಕಲ್ವಾ?

ಮೊದಲು ಕಂಪ್ಯೂಟರ್ ಬಗ್ಗೆ ಎರಡು ಮಾತು. 2022ರಲ್ಲಿ ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ತಗೊಂಡ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ನಾಲ್ಕು ಜಿಬಿ ರ‍್ಯಾಮ್. ಅದರಲ್ಲಿದ್ದ ವಿಂಡೋಸ್ ಶುರುವಾಗುವಷ್ಟರಲ್ಲಿ ಒಂದು ಒಬ್ಬೆ ದೋಸೆ ಹೊಯ್ದು ಮುಗಿಸಬಹುದಿತ್ತು. ಬೆಂಗಳೂರಿನಲ್ಲಿರೋ ನನ್ನ ತಮ್ಮ ಬಂದವನು ಅದನ್ನು ಕಿತ್ತು ಡೆಬಿಯನ್ 11 ಹಾಕಿದ. ಹೋಗುವಾಗ ಒಂದು ಕಾಗದದಲ್ಲಿ ನಾಲ್ಕು ಕಮಾಂಡ್ ಬರೆದುಕೊಟ್ಟ. "ಅಕ್ಕ, ಎಲ್ಲರೂ ನಿನ್ನ ಅಕೌಂಟಲ್ಲೇ ಕೂರಬೇಡಿ. ಒಬ್ಬೊಬ್ಬರಿಗೆ ಒಂದೊಂದು ಮಾಡಿಕೊಡು" ಅಂದ. ನಾನು ಮದುವೆಗೆ ಮುಂಚೆ ಶಿವಮೊಗ್ಗದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಅಷ್ಟಕ್ಕೇ ಈ ಮನೆಯ ಕಂಪ್ಯೂಟರ್ ಯಜಮಾನಿಕೆ ನನ್ನ ತಲೆಗೆ ಬಿತ್ತು.

ಅವನು ಹೇಳಿದ ಮಾತು ಎರಡೇ ವಾರದಲ್ಲಿ ಅರ್ಥವಾಯಿತು. ಮಗ ಆಟ ಇಳಿಸಿಕೊಳ್ಳುತ್ತಾನೆ, ಭಾವ ಮಂಡಿಯ ಪಟ್ಟಿ ಸೇವ್ ಮಾಡುತ್ತಾರೆ, ಓರಗಿತ್ತಿ ಬ್ಲೌಸಿನ ಡಿಸೈನ್ ಸೇರಿಸುತ್ತಾಳೆ, ಎಲ್ಲಾ ಒಂದೇ ಡೆಸ್ಕ್‌ಟಾಪ್ ಮೇಲೆ. ಹಬ್ಬದ ದಿನದ ಅಡುಗೆಮನೆ ಇದ್ದ ಹಾಗೆ. ಯಾರ ಪಾತ್ರೆ ಎಲ್ಲಿ ಅಂತ ಗೊತ್ತಾಗದು.

ಸರಿ, ಕಾಗದ ತೆಗೆದೆ. ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯೋ ಕಿಟಕಿ, ತೆರೆದು ಆಡ್‌ಯೂಸರ್ ಅಂತ ಹೊಡೆದು, ಮುಂದೆ ಮಗನ ಹೆಸರು ಹೊಡೆದೆ. ಬಂದ ಉತ್ತರ: ಅಂಥ ಕಮಾಂಡೇ ಇಲ್ಲ. ತಮ್ಮ ಕೈಯಾರೆ ಬರೆದುಕೊಟ್ಟಿದ್ದಾನೆ, ಇಲ್ಲ ಅಂದರೆ? ಅಸಲು ವಿಷಯ ಏನೆಂದರೆ, ಕಮಾಂಡ್ ಇದೆ. ಅದು ಎಸ್‌ಬಿನ್ ಅನ್ನೋ ಫೋಲ್ಡರಿನಲ್ಲಿದೆ, ಡೆಬಿಯನ್ ಮಾಮೂಲಿ ಬಳಕೆದಾರರಿಗೆ ಆ ಫೋಲ್ಡರಿನಲ್ಲಿ ಹುಡುಕೋದೇ ಇಲ್ಲ. ಕಮಾಂಡಿನ ಮೊದಲಿಗೆ ಸುಡೂ (ಯಜಮಾನರ ಅಧಿಕಾರದಲ್ಲಿ ನಡೆಸು ಅಂತ ಅರ್ಥ) ಸೇರಿಸಿದರೆ ಸಿಗುತ್ತದೆ. "ನಿಮಗೆ ಅಧಿಕಾರ ಇಲ್ಲ" ಅಂದಿದ್ದರೆ ನನಗೆ ಅರ್ಥವಾಗುತ್ತಿತ್ತು. "ಅಂಥದ್ದೇ ಇಲ್ಲ" ಅನ್ನೋದು ಸಾಲ ಕೇಳೋಕೆ ಬಂದವರಿಗೆ ಯಜಮಾನರು ಮನೇಲಿಲ್ಲ ಅಂದ ಹಾಗಾಯಿತು. ಇಲ್ಲೇ ಅರ್ಧ ಅಂಕ ಕಳೆದೆ.

ಸುಡೂ ಸೇರಿಸಿ ಹೊಡೆದ ಮೇಲೆ ಮಾತ್ರ ಬಹಳ ಚೆನ್ನಾಗಿ ನಡೆದುಕೊಂಡಿತು. ಏನೇನು ಮಾಡ್ತಾ ಇದ್ದೇನೆ ಅಂತ ಒಂದೊಂದೇ ಸಾಲು ಹೇಳುತ್ತದೆ. ಹೊಸ ಗುಂಪು ಮಾಡಿದೆ, ನಂಬರ್ 1001. ಹೊಸ ಬಳಕೆದಾರ ಮಾಡಿದೆ, ನಂಬರ್ 1001. ಮನೆ ಕಟ್ಟಿದೆ, ಅಂದರೆ ಅವರದ್ದೇ ಒಂದು ಫೋಲ್ಡರ್ ಮಾಡಿದೆ. ಸ್ಕೆಲ್ ಫೋಲ್ಡರಿನಿಂದ ಫೈಲುಗಳನ್ನು ನಕಲು ಮಾಡಿದೆ. ಆಮೇಲೆ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಪೂರ್ತಿ ಹೆಸರು, ರೂಮ್ ನಂಬರ್, ಆಫೀಸ್ ಫೋನ್, ಮನೆ ಫೋನ್, ಇತರೆ. ಕೊನೆಗೆ, ಎಲ್ಲಾ ಸರಿ ಇದೆಯಾ ಅಂತ ಒಂದು ಮಾತು. ಹೌದು ಅಂದರೆ ಮುಗಿಯಿತು. ಒಂದು ನಿಮಿಷದ ಕೆಲಸ.

ಆ 1001 ಅನ್ನೋ ನಂಬರನ್ನು ನಾನು ಅವತ್ತು ನೋಡಿಯೂ ನೋಡಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಪಾಸ್‌ವರ್ಡಿನದ್ದು ಒಂದು ತಮಾಷೆ. ಹೊಡೆಯುವಾಗ ಪರದೆ ಮೇಲೆ ಏನೂ ಕಾಣೋದಿಲ್ಲ. ಚುಕ್ಕಿ ಕೂಡ ಇಲ್ಲ. ಯಾರು ಪಕ್ಕದಲ್ಲಿ ನಿಂತಿದ್ದರೂ ಎಷ್ಟು ಅಕ್ಷರ ಅಂತ ಗೊತ್ತಾಗಬಾರದು ಅಂತ ಹಾಗೆ ಮಾಡಿದ್ದಾರೆ. ಅತ್ತೆಗೆ ಇದನ್ನು ಹೇಳೋಕೆ ಮರೆತೆ. ಅವರು ಒಂದೊಂದೇ ಕೀಲಿ ಒತ್ತಿ, ಏನೂ ಬೀಳ್ತಾ ಇಲ್ಲ ಅಂತ ಇನ್ನೂ ಜೋರಾಗಿ ಒತ್ತಿ, ಜೊತೆಗೆ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತಾ ಹೋದರು. ಅದು ಕೊಟ್ಟಿಗೆಯ ದನದ ಹೆಸರು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಎಂಟು ಜನಕ್ಕೂ ಕೇಳಿಸಿತು. ಮರುದಿನ ಪಾಸ್‌ವರ್ಡ್ ಬದಲಾಯಿಸಿಕೊಟ್ಟೆ. ಈ ಸಲ ಮನಸ್ಸಿನಲ್ಲೇ ಹೇಳಿಕೊಳ್ಳಿ ಅಂತ ಹೇಳಿದ್ದೆ.

ಆ ರೂಮ್ ನಂಬರ್ ಯಾಕೆ ಕೇಳುತ್ತದೆ ಅಂತ ತಮ್ಮನನ್ನು ಕೇಳಿದೆ. ಹಳೇ ಕಾಲದ ಪಳೆಯುಳಿಕೆ ಅಂತೆ. ಒಂದೇ ದೊಡ್ಡ ಕಂಪ್ಯೂಟರನ್ನು ಇಡೀ ಕ್ಯಾಂಪಸ್ ಬಳಸುತ್ತಿದ್ದ ಕಾಲದಲ್ಲಿ, ಯಾರು ಯಾವ ಕೋಣೆಯಲ್ಲಿದ್ದಾರೆ, ಅವರ ಫೋನ್ ಎಷ್ಟು ಅಂತ ನೋಡೋಕೆ ಫಿಂಗರ್ ಅಂತ ಒಂದು ಕಮಾಂಡ್ ಇತ್ತು. ಅದನ್ನು 1971ರಲ್ಲಿ ಸ್ಟ್ಯಾನ್‌ಫರ್ಡಿನ ಲೆಸ್ ಅರ್ನೆಸ್ಟ್ ಬರೆದಿದ್ದು. ಈ ವಿವರ ಕೂರುವ ಜಾಗಕ್ಕೆ ಇವತ್ತಿಗೂ ಜೀಕೋಸ್ ಅಂತಲೇ ಹೆಸರು. ಬೆಲ್ ಲ್ಯಾಬ್ಸ್‌ನಲ್ಲಿ ಪ್ರಿಂಟ್ ತೆಗೆಯೋಕೆ ಜೀಕೋಸ್ ಅನ್ನೋ ಬೇರೆ ಸಿಸ್ಟಮ್ ಇತ್ತು, ಅದರ ಅಕೌಂಟ್ ವಿವರ ಇಡೋಕೆ ಮಾಡಿಕೊಂಡ ಖಾನೆ ಅದು. ಆ ಮೆಷಿನ್‌ಗಳು ಹೋದವು, ಖಾನೆ ಉಳಿಯಿತು. ನಮ್ಮ ಮನೆಯಲ್ಲೂ ಕುದುರೆ ಕಟ್ಟೋ ಕಂಬ ಇದೆ, ಕುದುರೆ ನೋಡಿದವರು ಯಾರೂ ಇಲ್ಲ.

ಈ ಪ್ರಶ್ನೆಗಳೇ ಬೇಡ ಅನ್ನುವವರು ಜೀಕೋಸ್ ಆಯ್ಕೆ ಕೊಟ್ಟು ಖಾಲಿ ಉದ್ಧರಣ ಚಿಹ್ನೆ ಹಾಕಿದರೆ ಕೇಳೋದಿಲ್ಲ. ನಾನು ಹಾಗೆ ಮಾಡಲ್ಲ. ಪೂರ್ತಿ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಬರೆಯಬಹುದಲ್ಲ, ಅದೊಂದು ಖುಷಿ. ಲಾಗಿನ್ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಕೊಡಬೇಕು, ದೊಡ್ಡ ಅಕ್ಷರ ಕೊಟ್ಟರೆ ಆಡ್‌ಯೂಸರ್ ತಗೊಳ್ಳಲ್ಲ. ಆದರೆ ಲಾಗಿನ್ ಪರದೆಯಲ್ಲಿ ಎಲ್ಲರ ಪಟ್ಟಿ ಕಾಣುವ ಹಾಗೆ ಬದಲಾಯಿಸಿದ ಮೇಲೆ ಅಲ್ಲಿ ಪೂರ್ತಿ ಹೆಸರು ಕನ್ನಡದಲ್ಲೇ ಬರುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ತಮ್ಮ ಹೆಸರು ಹುಡುಕಿ ಒತ್ತುತ್ತಾರೆ. ಹೆಸರಿನಲ್ಲಿ ಅಲ್ಪವಿರಾಮ ಮಾತ್ರ ಹಾಕಬೇಡಿ, ಒಪ್ಪಲ್ಲ. ಒಳಗಡೆ ಈ ವಿವರಗಳನ್ನೆಲ್ಲ ಅಲ್ಪವಿರಾಮ ಹಾಕಿಯೇ ಬೇರೆ ಬೇರೆ ಮಾಡಿ ಇಡುತ್ತದೆ.

ನನಗೆ ಬಹಳ ಹಿಡಿಸಿದ್ದು ಸ್ಕೆಲ್ ಫೋಲ್ಡರು. ಅದರಲ್ಲಿ ಏನು ಇಟ್ಟರೂ ಹೊಸ ಅಕೌಂಟ್ ಮಾಡುವಾಗ ಅವರ ಮನೆಗೆ ಒಂದು ಪ್ರತಿ ಹೋಗುತ್ತದೆ. ಹೊಸ ಸೊಸೆ ಬಂದಾಗ ಕೈಗೆ ಒಂದು ತಟ್ಟೆ ಲೋಟ ಕೊಡುತ್ತಾರಲ್ಲ, ಹಾಗೆ. ನಾನು ಕ-ಗ-ಪ ಕೀಲಿಮಣೆಯಲ್ಲಿ ಒತ್ತಕ್ಷರ ಹೇಗೆ ಮೂಡಿಸೋದು, ಅರ್ಕಾವತ್ತು ಹೇಗೆ ಅಂತ ಒಂದು ಪುಟ ಬರೆದು ಅಲ್ಲಿ ಇಟ್ಟೆ. ಆಮೇಲೆ ಅಕೌಂಟ್ ಮಾಡಿಸಿಕೊಂಡವರಿಗೆಲ್ಲ ಅದು ತಾನಾಗಿ ಬಂತು. ಮುಂಚೆ ಮಾಡಿಸಿಕೊಂಡಿದ್ದ ಮಗನಿಗೂ ಭಾವನಿಗೂ ಬರಲಿಲ್ಲ. ಮಾಡುವ ಕ್ಷಣದಲ್ಲಿ ಏನಿದೆಯೋ ಅಷ್ಟೇ. ಅವರಿಬ್ಬರಿಗೆ ಕೈಯಿಂದ ಹಾಕಿಕೊಟ್ಟೆ.

ಇನ್ನು ಯೂಸರ್‌ಆಡ್, ಅಕೌಂಟ್ ಮಾಡೋ ಇನ್ನೊಂದು ಕಮಾಂಡ್. ಹೆಸರು ತಿರುಗುಮುರುಗು, ಅಷ್ಟೇ ಅಂದುಕೊಂಡರೆ ಕೆಟ್ಟಿರಿ. ಓರಗಿತ್ತಿಗೆ ಅಕೌಂಟ್ ಮಾಡುವ ದಿನ ಕೈ ತಪ್ಪಿ ಯೂಸರ್‌ಆಡ್ ಅಂತ ಹೊಡೆದೆ. ಒಂದು ಮಾತೂ ಬರಲಿಲ್ಲ. ಪ್ರಶ್ನೆ ಇಲ್ಲ, ಸಾಲು ಇಲ್ಲ. ಓಹೋ, ಇವತ್ತು ಜಲ್ದಿ ಮುಗೀತು ಅಂತ ಖುಷಿಪಟ್ಟೆ. ಪಾಸ್‌ವರ್ಡ್ ಇಟ್ಟೆ. ಅವಳು ಲಾಗಿನ್ ಆಗೋಕೆ ಹೋದರೆ ಪರದೆ ಒಂದು ಸಲ ಕಪ್ಪಾಗಿ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಮತ್ತೆ ಹೊಡೆ, ಮತ್ತೆ ಅದೇ. "ನನ್ನ ಕಂಡರೆ ಅದಕ್ಕೂ ಆಗಲ್ಲ" ಅಂತ ಎದ್ದು ಹೋದಳು. ಅವಳ ಆ ಮಾತಿನಲ್ಲಿ "ಅದಕ್ಕೂ" ಅನ್ನೋದು ನನಗೆ ಹೇಳಿದ್ದು ಅಂತ ನನಗೆ ಗೊತ್ತು, ಅದು ಬೇರೆ ವಿಚಾರ.

ಆಗಿದ್ದೇನೆಂದರೆ, ಡೆಬಿಯನ್‌ನಲ್ಲಿ ಯೂಸರ್‌ಆಡ್ ಹೆಸರು ಬರೆದುಕೊಳ್ಳುತ್ತದೆ, ಮನೆ ಕಟ್ಟೋದಿಲ್ಲ. ಡ್ಯಾಶ್ ಎಮ್ ಅಂತ ನಾವೇ ಹೇಳಬೇಕು. ಟರ್ಮಿನಲ್ಲಿನಲ್ಲಿ ನಾವು ಹೊಡೆದಿದ್ದನ್ನು ಓದಿ ನಡೆಸೋ ಬ್ಯಾಶ್ ಅನ್ನೋ ಶೆಲ್ ಬೇಕಿದ್ದರೆ ಡ್ಯಾಶ್ ಎಸ್ ಅಂತ ಅದನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಎಸ್‌ಎಚ್ ಅನ್ನೋ ಸರಳ ಶೆಲ್ ಕೊಟ್ಟು ಸುಮ್ನಾಗುತ್ತದೆ. ಆಳಿನ ಹೆಸರು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು, ಮಲಗೋಕೆ ಜಾಗ ತೋರಿಸದೆ ಬಾಗಿಲು ಹಾಕಿದ ಹಾಗೆ. ಅದರಲ್ಲಿ ಡ್ಯಾಶ್ ಪಿ ಅಂತ ಇನ್ನೊಂದು ಇದೆ. ಪಾಸ್‌ವರ್ಡ್ ಅಲ್ಲೇ ಕೊಟ್ಟುಬಿಡಬಹುದು ಅಂತ ಅನ್ನಿಸುತ್ತದೆ. ಕೊಡಬೇಡಿ. ಅದು ಕೇಳೋದು ಗೂಢಲಿಪಿ ಮಾಡಿ ಆದ ಮೇಲಿನ ಉದ್ದನೆಯ ಅಕ್ಷರಮಾಲೆಯನ್ನು. ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಹಾಗೆಹಾಗೇ ಪಾಸ್‌ವರ್ಡ್ ಇಡೋ ಶ್ಯಾಡೋ ಫೈಲಿನಲ್ಲಿ ಬರೆದಿಡುತ್ತದೆ. ಆಮೇಲೆ ಎಷ್ಟು ಸರಿಯಾಗಿ ಹೊಡೆದರೂ ಒಳಗೆ ಬಿಡಲ್ಲ.

ಹಾಗಂತ ಯೂಸರ್‌ಆಡ್ ಕೆಟ್ಟದ್ದಲ್ಲ. ಅಸಲಿ ಕೆಲಸಗಾರ ಅದೇ. ಆಡ್‌ಯೂಸರ್ ಅನ್ನೋದು ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್, ಒಳಗಡೆ ಅದೂ ಯೂಸರ್‌ಆಡ್‌ನನ್ನೇ ಕರೆದು ಕೆಲಸ ಮಾಡಿಸುತ್ತದೆ. ಶಾಲೆಯ ಲ್ಯಾಬಿನಲ್ಲಿ ನಲವತ್ತು ಮಕ್ಕಳಿಗೆ ಒಂದೇ ಸಲ ಮಾಡಬೇಕು ಅಂದರೆ ಪ್ರಶ್ನೆ ಕೇಳದೆ ಕೆಲಸ ಮಾಡುವ ಇದೇ ಬೇಕು. ನಮ್ಮಂಥ ಮನೆಗೆ ಬೇಡ. ಇನ್ನೊಂದು ಎಚ್ಚರ: ಫೆಡೋರಾ, ರೆಡ್ ಹ್ಯಾಟ್ ಅನ್ನೋ ಬೇರೆ ಲಿನಕ್ಸ್‌ಗಳ ಕಡೆ ಆಡ್‌ಯೂಸರ್ ಅಂತ ಹೊಡೆದರೂ ನಡೆಯೋದು ಯೂಸರ್‌ಆಡ್. ಅಲ್ಲಿ ಎರಡೂ ಒಂದೇ, ಹೆಸರು ಮಾತ್ರ ಎರಡು. ನಾನು ಹೊಗಳುತ್ತಿರುವುದು ಡೆಬಿಯನ್, ಉಬುಂಟು ಕಡೆಯ ಆಡ್‌ಯೂಸರನ್ನು.

ಮಳೆಗಾಲದ ಅನುಭವ ಒಂದು ಹೇಳಲೇಬೇಕು. ಜುಲೈ ತಿಂಗಳು. ಆಗುಂಬೆ ಕಡೆಯಿಂದ ಮೋಡ ಇಳಿದರೆ ನಮ್ಮಲ್ಲಿ ಕರೆಂಟು ಬಂದದ್ದು ಹೋದದ್ದು ಲೆಕ್ಕ ಇಡೋಕಾಗಲ್ಲ. ಯುಪಿಎಸ್‌ನ ಬ್ಯಾಟರಿ ಸತ್ತು ಹೋಗಿತ್ತು. ಒಂದು ಅಕೌಂಟ್ ಮಾಡ್ತಾ ಇರುವಾಗ, ಎಂಟರ್ ಒತ್ತಿದ ಕ್ಷಣಕ್ಕೆ ಸರಿಯಾಗಿ, ಟಪ್ ಅಂತ ಹೋಯಿತು. ಸಂಜೆ ಕರೆಂಟ್ ಬಂದ ಮೇಲೆ ಮತ್ತೆ ಹೊಡೆದರೆ, ಗುಂಪಿನ ಫೈಲಿಗೆ ಬೀಗ ಹಾಕೋಕೆ ಆಗ್ತಾ ಇಲ್ಲ, ಆಮೇಲೆ ಪ್ರಯತ್ನಿಸಿ ಅಂತ ಬಂತು. ನಾನು ಹೇಳಿದ ಮಾತು ಕೇಳೋಳು. ಆಮೇಲೆ ಪ್ರಯತ್ನಿಸಿದೆ. ಕಷಾಯ ಕುಡಿದು ಬಂದು ಪ್ರಯತ್ನಿಸಿದೆ. ಊಟ ಮಾಡಿ ಬಂದು ಪ್ರಯತ್ನಿಸಿದೆ. ಬೆಳಿಗ್ಗೆ ಎದ್ದು ಹಾಲು ಕರೆದ ಮೇಲೂ ಪ್ರಯತ್ನಿಸಿದೆ. ಈ ಕಮಾಂಡುಗಳು ಕೆಲಸ ಮಾಡುವಾಗ ಬೇರೆಯವರು ಕೈ ಹಾಕದಿರಲಿ ಅಂತ ಇಟಿಸಿ ಫೋಲ್ಡರಿನಲ್ಲಿ ಲಾಕ್ ಅಂತ ಕೊನೆಯಾಗುವ ಒಂದು ಪುಟ್ಟ ಫೈಲ್ ಇಡುತ್ತವೆ, ಮುಗಿದ ಮೇಲೆ ತೆಗೆಯುತ್ತವೆ. ಕರೆಂಟ್ ಹೋದಾಗ ತೆಗೆಯೋರು ಇಲ್ಲದೆ ಅದು ಅಲ್ಲೇ ಉಳಿದಿತ್ತು, ಒಳಗೆ ಏನೂ ಬರೆದಿರಲಿಲ್ಲ. ಗ್ರೂಪ್ ಡಾಟ್ ಲಾಕ್ ಅನ್ನೋ ಆ ಫೈಲ್ ಅಳಿಸಿದ ಮೇಲೆ ಒಂದೇ ಸಲಕ್ಕೆ ಆಯಿತು. ಬೇರೆ ಯಾವ ಅಕೌಂಟ್ ಕೆಲಸವೂ ನಡೀತಾ ಇಲ್ಲ ಅಂತ ಗಟ್ಟಿ ಮಾಡಿಕೊಂಡು ಅಳಿಸಬೇಕು. ಆಮೇಲೆ ಹೊಸ ಬ್ಯಾಟರಿ ತರಿಸಿದೆ.

ಈಗ ಆ ನಂಬರಿನ ಕಥೆ.

ನಮ್ಮಲ್ಲಿ ಲೆಕ್ಕ ಬರೆಯೋಕೆ ಒಬ್ಬರು ರೈಟರ್ ಇದ್ದರು. ಅಡಿಕೆ ಗೊನೆ ಕೊಯ್ಯೋ ಕೊನೆಗಾರರ ಕೂಲಿ, ಸುಲಿಯುವವರು ಎಷ್ಟು ಡಬ್ಬ ಅಡಿಕೆ ಸುಲಿದರು ಅನ್ನೋ ಲೆಕ್ಕ, ಮುಂಗಡ, ಬಾಕಿ ಎಲ್ಲಾ ಅವರದ್ದೇ. ಅವರಿಗೂ ಅಕೌಂಟ್ ಮಾಡಿಕೊಟ್ಟಿದ್ದೆ. ಸುಲಿತದ ಪಟ್ಟಿಯನ್ನು ಲೆಕ್ಕದ ಹಾಳೆ ಮಾಡೋ ಲಿಬ್ರೆಆಫೀಸಿನಲ್ಲಿ ಮಾಡಿ, ಎಲ್ಲರಿಗೂ ಕಾಣುವ ಒಂದು ಫೋಲ್ಡರಿನಲ್ಲಿ ಇಡುತ್ತಿದ್ದರು. ನೋಡೋದು ಎಲ್ಲರೂ ನೋಡಬಹುದು, ತಿದ್ದೋದು ಅವರೊಬ್ಬರೇ. ಸುಗ್ಗಿ ನಡುವೆ ಅವರಿಗೆ ಕರಾವಳಿ ಕಡೆ ಬೇರೆ ಕೆಲಸ ಸಿಕ್ಕಿ ಹೊರಟರು. ನಾನು ಶಿಸ್ತಿನಿಂದ ಡೆಲ್‌ಯೂಸರ್ ಹೊಡೆದು ಅವರ ಅಕೌಂಟ್ ತೆಗೆದೆ. ಅವತ್ತಿನಿಂದ ಹೊಸ ಪಟ್ಟಿ ನಾನೇ ಶುರು ಮಾಡಿದೆ. ಹಳೇ ಬಾಕಿ ಮಾತ್ರ ಅವರ ಫೈಲಿನಲ್ಲೇ ಇತ್ತು.

ಒಂದು ವಾರ ಆದ ಮೇಲೆ ಭಾವನ ಮಗಳು ರಜೆಗೆ ಬಂದಳು. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಾಳೆ. "ಚಿಕ್ಕಿ, ನಂಗೂ ಒಂದು ಅಕೌಂಟ್" ಅಂದಳು. ಮಾಡಿಕೊಟ್ಟೆ. ಅವಳು ಪಟ್ಟಿ ತೆರೆದು ನೋಡಿದ್ದಾಳೆ. ಹೆಸರುಗಳೆಲ್ಲ ಹಿಂದುಮುಂದಾಗಿವೆ, ಚಿಕ್ಕಿಗೆ ಸಹಾಯ ಮಾಡೋಣ ಅಂತ ಹೆಸರಿನ ಕಂಬವನ್ನು ಆರಿಸಿ ಅಕಾರಾದಿಯಾಗಿ ಜೋಡಿಸಿದ್ದಾಳೆ. ಪಕ್ಕದ ಕಂಬಗಳನ್ನೂ ಸೇರಿಸಲಾ ಅಂತ ಲಿಬ್ರೆಆಫೀಸ್ ಕೇಳುತ್ತದೆ. ಇವಳು ಬೇಡ ಅಂದಿದ್ದಾಳೆ. ಹೆಸರುಗಳು ಮೇಲೆ ಕೆಳಗೆ ಹೋದವು, ಡಬ್ಬ ಮತ್ತು ಬಾಕಿ ಇದ್ದಲ್ಲೇ ಉಳಿದವು. ಸೇವ್ ಕೂಡ ಮಾಡಿದ್ದಾಳೆ.

ಶನಿವಾರ ಬಟವಾಡೆ. ಜಗಲಿಯಲ್ಲಿ ಹದಿನಾಲ್ಕು ಜನ ಕೂತಿದ್ದಾರೆ. ನಾನು ಹಳೇ ಬಾಕಿ ಓದುತ್ತಾ ಹೋದೆ. ಮೂರನೇ ಹೆಸರಿಗೇ ಗಲಾಟೆ ಶುರುವಾಯಿತು. ದಿನಕ್ಕೆ ಎರಡು ಡಬ್ಬ ಸುಲಿಯುವ ಅಜ್ಜಿಯ ಲೆಕ್ಕಕ್ಕೆ ಊರಿಗೇ ಜೋರಾದ ಕೈಯವಳ ಡಬ್ಬ ಬಂದಿದೆ. ಅಜ್ಜಿ ಬಾಯಿ ತೆರೆಯಲಿಲ್ಲ, ಪಾಪ, ಸಿಕ್ಕಿದ್ದು ಸಿಗಲಿ ಅಂತ. ಆ ಇನ್ನೊಬ್ಬಳು ಸುಮ್ನಿರ್ತಾಳಾ? "ಅಮ್ಮಾ, ಆ ಡಬ್ಬಿ ಎಂತ ಹೇಳ್ತೋ ಗೊತ್ತಿಲ್ಲ, ನಮ್ಮ ಕೈಲಿರೋ ಕತ್ತಿ ಹೇಳತ್ತೆ" ಅಂದಳು. ಡಬ್ಬಿ ಅಂದರೆ ಕಂಪ್ಯೂಟರು. ನಾನು ಕೂತಲ್ಲೇ ಬೆವರಿದೆ.

ಪುಣ್ಯಕ್ಕೆ ಅತ್ತೆ ಯಾವ ಕಂಪ್ಯೂಟರನ್ನೂ ನಂಬಿದವರಲ್ಲ. ಅಕ್ಕಿ ಡಬ್ಬದ ಹಿಂದೆ ಒಂದು ಉದ್ದ ನೋಟ್ ಪುಸ್ತಕ ಇಟ್ಟುಕೊಂಡಿದ್ದರು. ಪ್ರತಿ ರಾತ್ರಿ ರೈಟರ್ ಹೇಳಿದ್ದನ್ನು ಅದರಲ್ಲೂ ಬರೆಯುತ್ತಿದ್ದರಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಅದನ್ನು ತಂದು ಹಿಡಿದು ಒಂದೊಂದೇ ಹೆಸರು ಸರಿ ಮಾಡಿದರು. ಎರಡೂವರೆ ಗಂಟೆ ಹಿಡಿಯಿತು. ಮಧ್ಯೆ ಎರಡು ಸಲ ಚಾ ಆಯಿತು.

ರಾತ್ರಿ ಕೂತು ಯೋಚಿಸಿದೆ. ರೈಟರ್ ಫೈಲನ್ನು ತಿದ್ದೋ ಅಧಿಕಾರ ಇವಳಿಗೆ ಹೇಗೆ ಬಂತು? ಟರ್ಮಿನಲ್ಲಿನಲ್ಲಿ ಆ ಫೋಲ್ಡರಿನ ಪಟ್ಟಿ ತೆಗೆದು ನೋಡಿದರೆ, ಫೈಲಿನ ಮಾಲೀಕರ ಜಾಗದಲ್ಲಿ ಇವಳ ಹೆಸರಿದೆ. ತಯಾರಾದ ತಾರೀಕು ನೋಡಿದರೆ ಇವಳು ಊರಿಗೆ ಬರೋಕೆ ತಿಂಗಳು ಮುಂಚೆ!

ವಿಷಯ ಇಷ್ಟೇ. ಕಂಪ್ಯೂಟರಿಗೆ ಹೆಸರು ಬೇಕಾಗಿಲ್ಲ. ಫೈಲಿನ ಮೇಲೆ ಅದು ಬರೆಯೋದು ನಂಬರ್ ಮಾತ್ರ. ರೈಟರ್ ನಂಬರ್ 1003. ಅಕೌಂಟ್ ತೆಗೆದಾಗ ಡೆಲ್‌ಯೂಸರ್ ಹೆಸರನ್ನು ಪಟ್ಟಿಯಿಂದ ಅಳಿಸಿತು. ಅವರ ಮನೆ ಫೋಲ್ಡರನ್ನಾಗಲಿ, ಹೊರಗಿದ್ದ ಫೈಲುಗಳನ್ನಾಗಲಿ ಮುಟ್ಟಲಿಲ್ಲ, ಹೇಳದೆ ಅದು ಮುಟ್ಟೋದೂ ಇಲ್ಲ. ಅವೆಲ್ಲ 1003ರ ಹೆಸರಿನಲ್ಲಿ ಅನಾಥವಾಗಿ ಬಿದ್ದಿದ್ದವು. ಹೊಸಬರು ಬಂದಾಗ ಆಡ್‌ಯೂಸರ್ 1000ದಿಂದ ಎಣಿಸುತ್ತಾ ಬಂದು, ಮೊದಲು ಖಾಲಿ ಸಿಕ್ಕ ನಂಬರ್ ಕೊಡುತ್ತದೆ. ಖಾಲಿ ಇದ್ದದ್ದು 1003. ಭಾವನ ಮಗಳು ಆ ನಂಬರ್ ತಗೊಂಡಳು, ನಂಬರಿನ ಜೊತೆ ರೈಟರ್ ಬಿಟ್ಟು ಹೋದ ಎಲ್ಲ ಫೈಲುಗಳನ್ನೂ ತಗೊಂಡಳು. ಅವಳ ತಪ್ಪು ಒಂದು ಕಾಳಿನಷ್ಟೂ ಇಲ್ಲ. ಅವಳ ಅಕೌಂಟ್ ಮಾಡುವಾಗ ಎರಡನೇ ಸಾಲಿನಲ್ಲೇ 1003 ಅಂತ ಬಂದಿರುತ್ತದೆ. ನಾನು ಓದಲಿಲ್ಲ.

ಇದೊಂದು ವಿಷಯದಲ್ಲಿ ಆ ಮೂಕ ಯೂಸರ್‌ಆಡ್ ಜಾಣ. ಅದು ಇದ್ದವರಲ್ಲಿ ದೊಡ್ಡ ನಂಬರ್ ಯಾವುದೋ ಅದರ ಮುಂದಿನದ್ದು ಕೊಡುತ್ತದೆ. ನಡುವೆ ಬಿಟ್ಟ ಜಾಗ ತುಂಬೋಕೆ ಹೋಗಲ್ಲ. ಕೊನೇ ನಂಬರಿನವರೇ ಬಿಟ್ಟು ಹೋಗಿದ್ದರೆ ಅದಕ್ಕೂ ಇದೇ ಗತಿ, ಅದು ಬೇರೆ.

ಈಗ ನಾನು ಯಾರ ಅಕೌಂಟನ್ನೂ ತೆಗೆಯೋದಿಲ್ಲ. ಅಕೌಂಟ್ ತಿದ್ದೋ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ ಎಲ್ ಕೊಟ್ಟು ಪಾಸ್‌ವರ್ಡಿಗೆ ಬೀಗ ಹಾಕುತ್ತೇನೆ, ಚೇಜ್ ಅನ್ನೋ ಕಮಾಂಡಿನಲ್ಲಿ ಅಕೌಂಟಿನ ಅವಧಿ ಮುಗಿಸುತ್ತೇನೆ. ನಂಬರ್ ಅವರ ಹೆಸರಿನಲ್ಲೇ ಇರಲಿ. ತೆಗೆಯಲೇಬೇಕು ಅಂದರೆ ಮೊದಲು ಫೈಂಡ್ ಕಮಾಂಡಿಗೆ ಆ ನಂಬರ್ ಕೊಟ್ಟು ಅವರ ಫೈಲುಗಳು ಎಲ್ಲೆಲ್ಲಿವೆ ಅಂತ ನೋಡಿ, ಬೇರೆಯವರ ಹೆಸರಿಗೆ ಬರೆದುಕೊಟ್ಟು, ಆಮೇಲೆ ತೆಗೀಬೇಕು. ಜಮೀನಿನ ಪಹಣಿ ಬದಲಾಯಿಸದೆ ಮನುಷ್ಯನನ್ನು ಮಾತ್ರ ಕಳಿಸಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾ?

ಇನ್ನೊಂದು ಸಣ್ಣ ಪೆಟ್ಟು ತಿಂದಿದ್ದೇನೆ, ಅದು ಯೂಸರ್‌ಮಾಡ್ ಕಡೆಯಿಂದ. ಪ್ರಿಂಟರ್ ಗುಂಪಿಗೆ ನನ್ನನ್ನು ಸೇರಿಸಿಕೊಳ್ಳೋಣ ಅಂತ ದೊಡ್ಡ ಜಿ ಕೊಟ್ಟೆ, ಅದರ ಹಿಂದೆ ಸಣ್ಣ ಎ ಹಾಕೋದು ಮರೆತೆ. ಎ ಇಲ್ಲದಿದ್ದರೆ ಅರ್ಥವೇ ಬೇರೆ: ಉಳಿದ ಗುಂಪುಗಳಿಂದೆಲ್ಲ ತೆಗೆದು ಇದೊಂದರಲ್ಲಿ ಮಾತ್ರ ಇಡು ಅಂತ. ಮರುದಿನ ಲಾಗಿನ್ ಆದರೆ ನಾನು ಸುಡೂ ಗುಂಪಿನಲ್ಲೇ ಇಲ್ಲ. ಯಜಮಾನಿಕೆ ಹೋಯಿತು. "ಈ ಘಟನೆಯನ್ನು ವರದಿ ಮಾಡಲಾಗುವುದು" ಅಂತ ಬೇರೆ ಬೆದರಿಸಿತು. ಯಾರಿಗೆ? ವರದಿ ತಗೊಳ್ಳೋಳು ನಾನೇ ತಾನೆ? ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗೋದು ಗುಡ್ಡದ ಮೇಲಿನ ಹಲಸಿನ ಮರದ ಹತ್ತಿರ. ಮರದ ಕೆಳಗೆ ನಿಂತು ತಮ್ಮ ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡು, ಇಳಿದು ಬಂದು ಹೊಡೆದು, ಆಗಲಿಲ್ಲ ಅಂತ ಮತ್ತೆ ಹತ್ತಿದೆ. ಮೂರು ಸಲ ಹತ್ತಿ ಇಳಿದ ಮೇಲೆ, ಕಂಪ್ಯೂಟರ್ ಶುರುವಾಗುವಾಗ ಬರೋ ಗ್ರಬ್ ಪರದೆಯಿಂದ ಒಳಗೆ ಹೋಗಿ ಸರಿ ಮಾಡಿದ್ದಾಯಿತು. ಗುಂಪಿಗೆ ಸೇರಿಸೋಕೂ ಆಡ್‌ಯೂಸರನ್ನೇ ಬಳಸಿ: ಅದರ ಮುಂದೆ ಇರುವವರ ಹೆಸರು, ಆಮೇಲೆ ಗುಂಪಿನ ಹೆಸರು, ಅಷ್ಟೇ. ಅದು ಸೇರಿಸುತ್ತದೆ, ಯಾವುದನ್ನೂ ಕೀಳೋದಿಲ್ಲ. ಇದನ್ನು ಮೊದಲೇ ಕಾಗದದಲ್ಲಿ ಬರೆದಿದ್ದರೆ ನನ್ನ ಮಂಡಿನೋವು ಉಳಿಯುತ್ತಿತ್ತು ಅಂತ ತಮ್ಮನಿಗೆ ಬೈದೆ.

ಅಂಕ ಕೇಳಿದರೆ: ಆಡ್‌ಯೂಸರ್‌ಗೆ ಐದಕ್ಕೆ ನಾಲ್ಕು. ಅರ್ಧ ಹೋದದ್ದು ಇಲ್ಲ ಅಂತ ಸುಳ್ಳು ಹೇಳಿದ್ದಕ್ಕೆ, ಇನ್ನರ್ಧ ಹಳೇ ನಂಬರನ್ನು ಕೇಳದೆ ಹೊಸಬರ ಕೈಗೆ ಕೊಟ್ಟಿದ್ದಕ್ಕೆ. ಯೂಸರ್‌ಆಡ್‌ಗೆ ಮನೆಬಳಕೆ ದೃಷ್ಟಿಯಿಂದ ಎರಡು. ಡೆಲ್‌ಯೂಸರ್‌ಗೆ ಒಂದು ಕೊಡುತ್ತೇನೆ. ಅವರ ಫೈಲು ಇನ್ನೂ ಅಲ್ಲೇ ಇವೆ ಕಣಮ್ಮಾ ಅಂತ ಒಂದು ಸಾಲು ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಹೊಸ ರೈಟರ್ ಈ ಸೋಮವಾರ ಬಂದರು. ಮಧ್ಯಾಹ್ನ ಊಟ ಆದ ಮೇಲೆ ಅಕೌಂಟ್ ಮಾಡೋಕೆ ಕೂತೆ. ಅತ್ತೆ ತಾವಾಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಎರಡನೇ ಸಾಲಿನಲ್ಲಿ ಬಂದ 1007 ಅನ್ನೋದನ್ನು ತಮ್ಮ ಉದ್ದ ನೋಟ್ ಪುಸ್ತಕದ ಕೊನೇ ಹಾಳೆಯಲ್ಲಿ, ಅವರ ಹೆಸರಿನ ಎದುರು ಬರೆದುಕೊಂಡರು. ರೂಮ್ ನಂಬರ್ ಕೇಳಿದಾಗ ಹೊಸ ರೈಟರ್ ಗಾಬರಿಯಾಗಿ ನನ್ನ ಮುಖ ನೋಡಿದರು.

"ಹೊರ ಜಗಲಿ ಅಂತ ಬರಿ" ಅಂದರು ಅತ್ತೆ.